ನಾಲ್ಕು ಕ್ಯಾಮೆರಾ, ಒಂಬತ್ತು ಸೆಕೆಂಡು

"ಎಡಿಟಿಂಗಾ? ಎಲ್ಲಾ ನಾನೇ ಮಾಡ್ಕೊತೀನಿ. ಅದೇನು ಮಹಾ, ಕೂತ್ರೆ ಒಂದು ಗಂಟೆ ಕೆಲಸ."

ಭಾವ ಈ ಮಾತು ಹೇಳಿದ್ದು ತುಂಬಿದ ಸಭಾಂಗಣದಲ್ಲಿ, ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಗಾಜಿನ ಫಲಕ ಹಿಡಿದುಕೊಂಡು. ಆ ವರ್ಷದ ಅತ್ಯುತ್ತಮ ಬೈಕ್ ಸವಾರಿ ವಿಡಿಯೊ ಅಂತ ಅವರದ್ದನ್ನೇ ಆರಿಸಿದ್ದರು. ಹುಡುಗರು ಶಿಳ್ಳೆ ಹೊಡೆದು, ಅವರ ಚಾನೆಲ್ ಹೆಸರು ಹಿಡಿದು "ಗಾಳಿಯಣ್ಣಾ" ಅಂತ ಕೂಗಿದರು. ಹಿಂದಿನ ಸಾಲಿನಲ್ಲಿ ಅಕ್ಕನ ಪಕ್ಕ ಕೂತಿದ್ದ ಕತ್ತರಿಗೆ ಮಾತ್ರ ಕಿವಿಗೆ ಕಾದ ಸೀಸ ಹೊಯ್ದ ಹಾಗಾಯಿತು.

ಕತ್ತರಿ ಅನ್ನೋದು ಭಾವನೇ ಇಟ್ಟ ಹೆಸರು. ವಿಡಿಯೊ ಕತ್ತರಿಸಿ ಅಂಟಿಸುವವನಿಗೆ ಇನ್ನೇನು ಹೆಸರು ಬೇಕು? ಮನೆಗೆ ಬಂದವರಿಗೆಲ್ಲ "ಇವನು ನಮ್ಮ ಬಾಮೈದ, ಕತ್ತರಿ" ಅಂತ ಪರಿಚಯ ಮಾಡಿಸಿ, ಅದೇ ಉಸಿರಿನಲ್ಲಿ "ಕಾಫಿ ತಗೊಂಡ್ ಬಾರೋ" ಅನ್ನುತ್ತಿದ್ದರು. ಆರು ವರ್ಷದಿಂದ ಅವನು ಕಾಫಿಯನ್ನೂ ತಂದಿದ್ದ, ಕತ್ತರಿಸಿಯೂ ಇದ್ದ. ಮನಸ್ಸಿನಲ್ಲಿ ಎಷ್ಟು ಬೈದುಕೊಂಡರೂ ಬಹುವಚನ ಮಾತ್ರ ಬಿಟ್ಟಿರಲಿಲ್ಲ. ಎಷ್ಟಾದರೂ ಅಕ್ಕನ ಗಂಡ.

ಆ ಒಂದು ಗಂಟೆಯ ಕೆಲಸ ನಿಜವಾಗಿ ಎಷ್ಟು ಹೊತ್ತಿನದು ಅಂತ ಬಲ್ಲವನು ಅವನೊಬ್ಬನೇ. ಭಾವನ ಮೈಮೇಲೆ, ಗಾಡಿಮೇಲೆ ಒಟ್ಟು ನಾಲ್ಕು ಕ್ಯಾಮೆರಾ: ಹೆಲ್ಮೆಟ್ಟಿನಲ್ಲೊಂದು, ಎದೆಯ ಪಟ್ಟಿಯಲ್ಲೊಂದು, ಹ್ಯಾಂಡಲ್ ಮೇಲೆ ಭಾವನ ಮುಖಕ್ಕೆ ತಿರುಗಿಸಿದ್ದೊಂದು, ಹಿಂದೆ ನಂಬರ್ ಪ್ಲೇಟಿನ ಮೇಲೆ, ಬಿಟ್ಟುಬಂದ ರಸ್ತೆಯನ್ನು ನೋಡುವಂಥದ್ದೊಂದು. ಸಾಲದ್ದಕ್ಕೆ ತಿರುವಿನಲ್ಲಿ ಸ್ಟ್ಯಾಂಡ್ ಹಾಕಿಕೊಂಡು ಕತ್ತರಿಯೇ ಹಿಡಿಯುವ ಐದನೆಯದು. ಗಾಡಿಯ ನಾಲ್ಕೂ ನಾಲ್ಕು ಕಂಪನಿಯವು. ಒಂದರಲ್ಲಿ ಆಕಾಶ ನೀಲಿ, ಇನ್ನೊಂದರಲ್ಲಿ ಹಸಿರು, ಮತ್ತೊಂದರಲ್ಲಿ ಭಾವನ ಮುಖ ಕಾಮಾಲೆ ಬಂದವರದ್ದು. ಅವುಗಳ ಬಣ್ಣ ಹೊಂದಿಸಬೇಕು, ಗಾಳಿಯ ಭೋರೆನ್ನುವ ಸದ್ದಿನಿಂದ ಮಾತು ಹೆಕ್ಕಬೇಕು, ಒಂದೇ ಕೋನ ನೋಡಿ ಜನಕ್ಕೆ ಆಕಳಿಕೆ ಬರುವ ಮುಂಚೆ ಇನ್ನೊಂದಕ್ಕೆ ಹಾರಬೇಕು. ಚಕ್ರ, ಕಣ್ಣು, ತಿರುವು, ಮತ್ತೆ ಚಕ್ರ. ಭಾವ ಹೋಗುವುದು ಗಂಟೆಗೆ ಐವತ್ತರಲ್ಲಿ. ಅದನ್ನು ನೂರಿಪ್ಪತ್ತು ಮಾಡುತ್ತಿದ್ದದ್ದು ಮೇಲಿನ ಕೋಣೆಯಲ್ಲಿ, ಶೀಟಿನ ಸೂರಿನಡಿ ಬೆವರು ಒರೆಸಿಕೊಳ್ಳುತ್ತಾ ಕೂತ ಕತ್ತರಿ.

ವಿಡಿಯೊದಲ್ಲಿ ನನ್ನ ಹೆಸರೂ ಹಾಕಿ ಅಂತ ಒಂದೇ ಒಂದು ಸಲ ಕೇಳಿದ್ದ.

"ಅಯ್ಯೋ, ಹೆಸರು ಹಾಕಿದ್ರೆ ಮಜಾನೇ ಹೋಗ್ಬಿಡುತ್ತೆ ಕಣೋ," ಅಂದಿದ್ದರು ಭಾವ. "ಒಬ್ಬನೇ ಹೋಗ್ತಾನೆ, ಒಬ್ಬನೇ ಮಾಡ್ತಾನೆ ಅನ್ನೋದೇ ನಮ್ಮ ಗತ್ತು. ನೀನೇನು ಹೊರಗಿನವನಾ?"

ಅಕ್ಕ ಬಟ್ಟೆ ಒಣಹಾಕುತ್ತಾ ಕೇಳಿಸಿಕೊಂಡಿದ್ದಳು. ಅಮ್ಮ ಹೋದ ಮೇಲೆ ಅಮ್ಮನ ಜಾಗದಲ್ಲಿ ನಿಂತು ಸಾಕಿದವಳು. "ಹೊಟ್ಟೆಗೆ ಹಾಕ್ಕೊಳ್ಳೋ ತಮ್ಮಾ. ಅವರ ಬಾಯಿ ಹಾಗೆ, ಮನಸ್ಸು ಹಾಗಲ್ಲ," ಅಂದಳು. ಹೊಟ್ಟೆಗೆ ಹಾಕಿಕೊಂಡ. ಹೊಟ್ಟೆಗೂ ಒಂದು ಅಳತೆ ಇರುತ್ತದಲ್ಲ, ಸಭಾಂಗಣದಲ್ಲಿ ಅದು ತುಂಬಿತು.

ಸಿಟ್ಟು ಮಾಡಿಕೊಂಡು ಮನೆ ಬಿಟ್ಟು ಹೋಗುವುದು ದಡ್ಡರ ಕೆಲಸ. ಹಿಂದೊಮ್ಮೆ ತನ್ನದೇ ಚಾನೆಲ್ ಶುರು ಮಾಡಿ ನೋಡಿದ್ದ. ಹನ್ನೊಂದು ಜನ ನೋಡಿದರು, ಅದರಲ್ಲಿ ನಾಲ್ಕು ಸಲ ಅಕ್ಕನೇ. ಜನ ಇರುವುದು ಗಾಳಿಯಣ್ಣನ ಚಾನೆಲ್ಲಿನಲ್ಲಿ. ಅಲ್ಲಿ ಒಂದು ವರ್ಷ ಗಾಳಿಯಣ್ಣ ಇಲ್ಲದಿದ್ದರೆ? ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದರೆ? ಆಗ ಅವರ ಜಾಗದಲ್ಲಿ ಗಾಡಿ ಹತ್ತಿ, ಹೆಲ್ಮೆಟ್ ತೆಗೆದು, "ನಮಸ್ಕಾರ, ಇಷ್ಟು ದಿನ ಇದನ್ನೆಲ್ಲ ಮಾಡ್ತಿದ್ದೋನು ನಾನೇ" ಅನ್ನಬಹುದಲ್ಲ? ಸಾಯಲಿ ಅಂತ ಅವನು ಎಣಿಸಲಿಲ್ಲ. ಅಕ್ಕನ ತಲೆಯ ಮೇಲೆ ಕಲ್ಲು ಹಾಕುವಷ್ಟು ಕೆಟ್ಟವನು ತಾನಲ್ಲ ಅಂತ ಅವನ ನಂಬಿಕೆ. ಒಂದು ಕಾಲು ಸಾಕು, ಒಂದು ವರ್ಷ ಸಾಕು.

ಯೋಜನೆ ಅವನಿಗೆ ವಿಡಿಯೊ ಹೊಳೆಯುವ ಹಾಗೇ ಹೊಳೆಯಿತು, ಹಿಂದಿನಿಂದ ಮುಂದಕ್ಕೆ. ಕೊನೆಯ ಶಾಟ್ ಏನು? ಭಾವ ತಮ್ಮ ತಪ್ಪಿನಿಂದಲೇ ಬಿದ್ದರು ಅಂತ ಪೊಲೀಸರು ಬರೆದುಕೊಳ್ಳುವುದು. ಅದಕ್ಕೆ ಮುಂಚೆ? ಆ ತಪ್ಪು ಕ್ಯಾಮೆರಾದಲ್ಲಿ ಕಾಣುವುದು. ಎಂಥ ತಪ್ಪು? ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಹಿಡಿಯಬೇಕಾದ ಹೊತ್ತಿಗೆ ಆ ಕೈ ಎತ್ತಿ ಬೀಸುವುದು. ಭಾವನಿಗೆ ಕೈ ಬೀಸುವ ಚಟ ಮೊದಲೇ ಇತ್ತು. ನಾಯಿಗೂ ಬೀಸುತ್ತಿದ್ದರು, ಕರೆಂಟು ಕಂಬಕ್ಕೂ ಬೀಸುತ್ತಿದ್ದರು.

ಅಪರಾಧ ಮಾಡುವ ಮುಂಚೆಯೇ ಅದರ ಸಾಕ್ಷಿಯನ್ನು ಚಿತ್ರೀಕರಿಸಿಟ್ಟುಕೊಂಡವನು ಪ್ರಪಂಚದಲ್ಲಿ ಇನ್ನೊಬ್ಬನಿದ್ದಾನೋ ಇಲ್ಲವೋ! ಬೆಟ್ಟದ ರಸ್ತೆಯಲ್ಲಿ, ಮೇಲಿನ ನೋಟದ ಕಟ್ಟೆಯಿಂದ ಇಳಿಯುವಾಗ ಸಿಗುವ ಮೊದಲ ಕಡಿದಾದ ತಿರುವನ್ನು ಅವನು ಆರಿಸಿದ. ಎರಡು ಭಾನುವಾರ ಬೆಳಿಗ್ಗೆ ಭಾವನನ್ನು ಅಲ್ಲಿಗೇ ಕರೆದುಕೊಂಡು ಹೋದ. ಅದೇ ಹೊತ್ತು, ಅದೇ ಕಪ್ಪು ಜಾಕೆಟ್ಟು, ಅವೇ ಕೈಗವಸು.

"ಪ್ರಾಕ್ಟೀಸ್ ಯಾಕೋ? ನಾನೇನು ಹೊಸಬನಾ?"

"ಬೆಳಕು ನೋಡ್ಕೋಬೇಕು ಭಾವ. ತಿರುವಿಗೆ ಬರೋವಾಗ ಬಲಗೈ ಎತ್ತಿ ಒಂದ್ಸಲ ಬೀಸಿ. ಗತ್ತಾಗಿರುತ್ತೆ."

ಗತ್ತು ಅಂದರೆ ಭಾವ ಬಾವಿಗೂ ಹಾರುವವರು. ಎರಡು ಭಾನುವಾರದಲ್ಲಿ ಏಳು ಸಲ ಬೀಸಿದರು. ಹಾಗೆ ಬೀಸಲು ಮೊದಲೇ ನಿಧಾನ ಮಾಡಿಕೊಂಡಿದ್ದರು ಅನ್ನೋದು ಬೇರೆ ಮಾತು, ವೇಗವನ್ನು ಕತ್ತರಿ ನೋಡಿಕೊಳ್ಳುತ್ತಾನೆ. ಅದರಲ್ಲಿ ಒಂದು ಕತ್ತರಿಗೆ ಬೇಕಾದ ಹಾಗೇ ಬಂತು. ನಾಲ್ಕೂ ಕೋನದಲ್ಲಿ, ಕೈ ಎತ್ತಿದಲ್ಲಿಂದ ಇಳಿಸುವವರೆಗೆ ಒಂಬತ್ತು ಸೆಕೆಂಡು.

ಇನ್ನುಳಿದದ್ದು ಗಾಡಿ. ಭಾವನದ್ದು ಹಳೆಯ ಕಾಲದ, ಮುಂದಿನ ಬ್ರೇಕಿಗೆ ಕೇಬಲ್ ಇರುವ ಗಾಡಿ. ಆ ಕೇಬಲ್ಲಿನ ತುದಿ ಚಕ್ರದ ಹತ್ತಿರ ಒಂದು ಸಣ್ಣ ನಟ್ಟಿಗೆ ಜೋತುಬಿದ್ದಿರುತ್ತದೆ. ನಟ್ಟನ್ನು ಎರಡೇ ಸುತ್ತಿನ ಮೇಲೆ ನಿಲ್ಲಿಸಿದರೆ ಊರೊಳಗಿನ ಮೆಲ್ಲನೆಯ ಬ್ರೇಕುಗಳಿಗೆ ತಡೆಯುತ್ತದೆ. ಬೆಟ್ಟದಲ್ಲಿ ಬಿಗಿಯಾಗಿ ಹಿಡಿದೊಡನೆ ಹಾರಿಹೋಗುತ್ತದೆ. ಆ ಇಳಿಜಾರಿಗೆ ಕಾಲಿನ ಹಿಂದಿನ ಬ್ರೇಕೊಂದೇ ಸಾಲದು. ಅಂಥದೇ ಇನ್ನೊಂದು ನಟ್ಟು ಅಂಗಿ ಜೇಬಿನಲ್ಲಿದ್ದರೆ, ಬಿದ್ದ ಮೇಲೆ ಅರ್ಧ ನಿಮಿಷದಲ್ಲಿ ಹಾಕಿ ಬಿಗಿಯಬಹುದು. ಗಾಡಿಯಲ್ಲಿ ದೋಷ ಇಲ್ಲ, ವಿಡಿಯೊದಲ್ಲಿ ತಪ್ಪು ಇದೆ. ಮುಗಿಯಿತಲ್ಲ!

ಮೂರನೆಯ ಭಾನುವಾರ ಭಾವ ಸ್ನಾನಕ್ಕೆ ಹೋಗಿದ್ದಾಗ ಶೆಡ್ಡಿನಲ್ಲಿ ಆ ಕೆಲಸ ಆಯಿತು. ಅಕ್ಕ ಅಡುಗೆಮನೆಯಿಂದ "ಏನೋ ಅದು ಸದ್ದು?" ಅಂದಳು. "ಚೈನಿಗೆ ಎಣ್ಣೆ ಬಿಡ್ತಿದೀನಿ ಅಕ್ಕಾ" ಅಂದ. ಪಾಪ, ಅವಳು ಕೈ ತೊಳೆಯೋಕೆ ಸೋಪು ತಂದಿಟ್ಟಳು.

ಅವನು ಸ್ಕೂಟರಿನಲ್ಲಿ ಮೊದಲೇ ಹೋಗಿ ತಿರುವಿನ ಹೊರಬದಿಯ ಬಂಡೆಯ ಹತ್ತಿರ ನಿಂತ. ಐದನೆಯ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದನೇ ಹೊರತು ಆನ್ ಮಾಡಲಿಲ್ಲ. ಬ್ಯಾಟರಿ ಬದಲಿಸುತ್ತಿದ್ದೆ ಅಂತ ಹೇಳುವುದು ಅವನ ಲೆಕ್ಕ. ಭಾವ ಮೇಲಿನ ಕಟ್ಟೆಯಲ್ಲಿ ಒಬ್ಬರೇ ಇದ್ದರು. ಅಲ್ಲಿ ಕ್ಯಾಮೆರಾಗಳನ್ನು ಶುರು ಮಾಡಿ, ಜನಕ್ಕೆ ನಾಲ್ಕು ಮಾತಾಡಿ, ಆಮೇಲೆ ಇಳಿಯುವುದು ಅವರ ಪದ್ಧತಿ. ಸದ್ದು ಕೇಳಿಸಿತು. ಗಾಡಿ ಕಂಡಿತು. ತಿರುವಿಗೆ ಐವತ್ತು ಅಡಿ ಇರುವಾಗ ಭಾವನ ಬೆರಳು ಬ್ರೇಕ್ ಲಿವರನ್ನು ಹಿಡಿಕೆಯವರೆಗೂ ಒತ್ತಿದ್ದು, ಗಾಡಿ ಕೇಳದೇ ಹೋದದ್ದು ಎರಡೂ ಕಂಡವು.

"ಬ್ರೇಕು! ಲೋ, ಬ್ರೇಕ್ ಇಲ್ಲ ಕಣೋ!"

ಆ ಕೂಗು ಅವನನ್ನೇ ಉದ್ದೇಶಿಸಿದ್ದು. ಆರು ವರ್ಷದಲ್ಲಿ ಭಾವ ಅವನನ್ನು ಅಷ್ಟು ಆಸೆಯಿಂದ ಕರೆದದ್ದು ಅದೇ ಮೊದಲು. ಗಾಡಿ ಅಂಚಿನ ಕಲ್ಲಿಗೆ ಬಡಿದು ರಸ್ತೆಯಲ್ಲೇ ಮಗುಚಿತು. ಭಾವ ಅದರಾಚೆ ಚರಂಡಿಗೆ ಹೋಗಿ ಬಿದ್ದರು.

ಕ್ಯಾಮೆರಾಗಳು ಇನ್ನೂ ಓಡುತ್ತಿದ್ದವು. ಅದೂ ಅವನ ಲೆಕ್ಕದಲ್ಲಿತ್ತು. "ಭಾವಾ! ಅಯ್ಯೋ ಭಾವಾ!" ಅಂತ ಎದೆ ಒಡೆಯುವ ಹಾಗೆ ಕೂಗುತ್ತಾ ಓಡಿಬಂದ. ಚೆನ್ನಾಗಿಯೇ ಕೂಗಿದ, ಮುಂದೆ ನೋಡಿಕೊಂಡಾಗ ಅವನಿಗೇ ಮೆಚ್ಚುಗೆಯಾಯಿತು. ಒಂದೊಂದಾಗಿ ನಾಲ್ಕನ್ನೂ ಆಫ್ ಮಾಡಿದ. ಆಮೇಲೆ ಮೊದಲು ನಟ್ಟು, ಅನಂತರ ನಾಡಿ. ನಾಡಿ ಇತ್ತು. ಅವನಿಗೆ ನಿಜಕ್ಕೂ ಸಮಾಧಾನವಾಯಿತು, ಕಣ್ಣಲ್ಲಿ ನೀರೇ ಬಂತು. ಮನುಷ್ಯ ಎಂಥ ವಿಚಿತ್ರ ಪ್ರಾಣಿ ನೋಡಿ!

ಆಸ್ಪತ್ರೆಯಲ್ಲಿ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಭಾವನ ಕಾಲು ಎರಡು ಕಡೆ ಮುರಿದಿತ್ತು, ಜೊತೆಗೆ ಕೊರಳೆಲುಬು, ದವಡೆ. ಜೀವಕ್ಕೆ ಅಪಾಯ ಇಲ್ಲ ಅಂತ ಡಾಕ್ಟರು ಹೇಳಿದ್ದರು.

"ನೀನಿದ್ದೆ ಅಂತ ಉಳಿದ್ರು ಕಣೋ," ಅಂದಳು ಅಕ್ಕ, ಅವನ ಕೈ ಹಿಡಿದುಕೊಂಡು. "ನೀನು ಅಲ್ಲಿ ಇಲ್ದಿದ್ರೆ ಏನು ಗತಿ?"

"ಸುಮ್ನಿರಕ್ಕಾ. ಬಟ್ಟೆ, ಹೊದಿಕೆ ತಗೊಂಡ್ ಬರ್ತೀನಿ," ಅಂತ ಹೇಳಿ ಮನೆಗೆ ಬಂದ. ಅವನ ಕೈಗೆ ಸಿಕ್ಕಿದ್ದು ನಾಲ್ಕು ಗಂಟೆ. ಪೊಲೀಸರು ಕ್ಯಾಮೆರಾಗಳ ಮೆಮೊರಿ ಕಾರ್ಡುಗಳನ್ನು ಕೇಳಿಯೇ ಕೇಳುತ್ತಾರೆ, ಮೈತುಂಬ ಕ್ಯಾಮೆರಾ ಕಟ್ಟಿಕೊಂಡು ಬಿದ್ದವರಲ್ಲವೇ.

ಮೇಲಿನ ಕೋಣೆಯಲ್ಲಿ ಕಿಟಕಿ ಪರದೆ ಎಳೆದು ಕೂತ. ಒಂದಿಷ್ಟೂ ಆಯಾಸವಾಗಲಿ ಗಾಬರಿಯಾಗಲಿ ಇರಲಿಲ್ಲ. ನಾಲ್ಕು ವಿಡಿಯೊ ಕಡತಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಒಂದರ ಕೆಳಗೊಂದು ಹಾಸಿದ. ಭಾವ ಮಾತು ಶುರು ಮಾಡುವ ಮುಂಚೆ ತಟ್ಟುವ ಒಂದು ಚಪ್ಪಾಳೆಗೆ ನಾಲ್ಕನ್ನೂ ಸಾಲಾಗಿ ಹೊಂದಿಸಿದ, ಎಂದಿನ ಹಾಗೆ ಅದರ ಮುಂಚಿನ ಅಂಚು ಸವರಿದ, ಕೂಗು ಎಲ್ಲಿ ಶುರುವಾಗುತ್ತದೆ ಅಂತ ಹುಡುಕಿದ. ಅದೂ ಸೇರುವ ಹಾಗೆ, ಕಲ್ಲಿಗೆ ಬಡಿಯುವವರೆಗಿನ ಒಂಬತ್ತು ಸೆಕೆಂಡು ಕತ್ತರಿಸಿ ತೆಗೆದು, ಹಿಂದಿನ ಭಾನುವಾರದ ಒಂಬತ್ತು ಸೆಕೆಂಡನ್ನು ಅಲ್ಲಿಗೆ ತಂದಿಟ್ಟ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಆಮೇಲಿನದೇ ನಿಜವಾದ ಕೆಲಸ. ಹಿಂದಿನ ಭಾನುವಾರ ಕಿಲೋಮೀಟರ್ ಮೀಟರಿನ ಕೊನೆಯ ಅಂಕಿಗಳು ಬೇರೆ ಇದ್ದವು, ಎದೆಯ ಕ್ಯಾಮೆರಾದಲ್ಲಿ ಅದು ಕಾಣುತ್ತಿತ್ತು. ಒಂದೊಂದು ಚಿತ್ರದಲ್ಲೂ ಅಂಕಿ ತಿದ್ದಿದ. ಬಂಡೆಯ ನೆರಳು ಒಂದು ಗೇಣು ಆಚೆ ಇತ್ತು, ಎಳೆದು ತಂದ. ಹೆಲ್ಮೆಟ್ಟಿನ ಗಾಜಿಗೆ ಇವತ್ತು ಒಂದು ಹುಳ ಅಂಟಿ ಸತ್ತಿತ್ತು, ಅದನ್ನೂ ಹಿಂದಿನ ವಾರಕ್ಕೆ ಅಂಟಿಸಿದ. ಹಿಂದಿನ ಕ್ಯಾಮೆರಾದಲ್ಲಿ ಬರೀ ಖಾಲಿ ರಸ್ತೆ, ಆದರೆ ಸದ್ದು ಇರುತ್ತದಲ್ಲ! ಎಂಜಿನ್ನಿನ ಸ್ವರ ಏರಿಳಿಯದ ಹಾಗೆ ನಾಲ್ಕರಲ್ಲೂ ಹೊಲಿದ. ಕಡತದ ಹೆಸರು, ತಾರೀಕು, ಹೊತ್ತು, ಕ್ಯಾಮೆರಾ ತಾನಾಗಿ ಬರೆದುಕೊಳ್ಳುವ ಗುರುತು, ಒಂದನ್ನೂ ಬಿಡಲಿಲ್ಲ. ಹಳೆಯದನ್ನು ಕಾರ್ಡಿನಿಂದ ಒರೆಸಿ, ಮೇಲೆ ಬೇರೆ ಏನೇನೋ ತುಂಬಿಸಿ, ಮತ್ತೆ ಒರೆಸಿ, ಆಮೇಲೆ ಹೊಸದನ್ನು ಹಾಕಿದ.

ಕೊನೆಯಲ್ಲಿ ಕೂತು ನೋಡಿದ. ಭಾವ ಬರುತ್ತಾರೆ, ನಗುತ್ತಾರೆ, ಬಲಗೈ ಎತ್ತಿ ಬೀಸುತ್ತಾರೆ, ಕಲ್ಲಿಗೆ ಬಡಿಯುತ್ತಾರೆ. ಎಲ್ಲಿ ಹೊಲಿದದ್ದು ಅಂತ ಅವನಿಗೇ ಗೊತ್ತಾಗಲಿಲ್ಲ. ಇಡೀ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡಿರಲಿಲ್ಲ. ಇದಕ್ಕೂ ಹೆಸರು ಹಾಕಿಕೊಳ್ಳುವ ಹಾಗಿಲ್ಲವಲ್ಲ ಅನ್ನುವುದೊಂದೇ ಆಗ ಅವನನ್ನು ಕೊರೆದದ್ದು. ಹಣೆಬರಹ!

ಮರುದಿನ ಪೊಲೀಸರು ಬಂದರು. ಎಸ್ಸೈ ಚುರುಕಿನ ಹೆಂಗಸು, ಜೊತೆಗೆ ನಿವೃತ್ತಿಗೆ ಹತ್ತಿರವಾದ ದಫೇದಾರರು. ಕತ್ತರಿ ನಾಲ್ಕು ಕಾರ್ಡುಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಕೊಟ್ಟ. ಹೇಳಿಕೆಯನ್ನು ತನ್ನ ಕೈಯಾರೆ ಬರೆದುಕೊಟ್ಟ: ಬೀಳುವ ಹೊತ್ತಿಗೆ ಕಟ್ಟೆಯಿಂದ ಅವರು ಒಬ್ಬರೇ ಬರುತ್ತಿದ್ದರು, ಆ ಕಟ್ಟೆಯಲ್ಲಿ ಬೇರೆ ಯಾರೂ ಇರಲಿಲ್ಲ, ಕಾರ್ಡುಗಳನ್ನು ತೆಗೆದಾಗಿನಿಂದ ಒಪ್ಪಿಸುವವರೆಗೆ ಅವು ನನ್ನ ಜೇಬಿನಲ್ಲೇ ಇದ್ದವು, ನಾನೂ ಸೇರಿ ಯಾರೂ ತೆರೆದು ನೋಡಿಲ್ಲ. ಅಕ್ಷರ ದುಂಡಗೆ ಬಂತು.

ಗಾಡಿಯನ್ನು ಮೆಕ್ಯಾನಿಕ್ಕು ನೋಡಿದ, ದೋಷ ಇಲ್ಲ ಅಂದ. ಕಾರ್ಡುಗಳು ಪ್ರಯೋಗಾಲಯಕ್ಕೆ ಹೋಗಿ ಹದಿನೈದು ದಿನಕ್ಕೆ ವಾಪಸು ಬಂದವು. ಚಿತ್ರದಲ್ಲಿ ಕತ್ತರಿಸಿ ಸೇರಿಸಿದ ಗುರುತು ಕಂಡುಬಂದಿಲ್ಲ ಅಂತ ವರದಿ. ಅಷ್ಟರಲ್ಲಿ ಭಾವ ಕಣ್ಣು ಬಿಟ್ಟು ಕೂರುವಷ್ಟಾಗಿದ್ದರು. ದವಡೆಗೆ ತಂತಿ ಕಟ್ಟಿದ್ದರಿಂದ ಮಾತಿಲ್ಲ, ಆ ಬೆಳಗಿನದೇನೂ ನೆನಪೂ ಇಲ್ಲ. ಎಸ್ಸೈ ಲ್ಯಾಪ್‌ಟಾಪ್ ತಂದು ತೋರಿಸಿದಾಗ ಭಾವ ತಾವು ಕೈ ಬೀಸುವುದನ್ನು ತಾವೇ ನೋಡಿದರು. ಎರಡು ಸಲ ನೋಡಿದರು. ಆಮೇಲೆ ಪುಸ್ತಕದಲ್ಲಿ ಬರೆದು ಬಾಮೈದನ ಕಡೆಗೆ ತಿರುಗಿಸಿದರು.

'ತಪ್ಪು ನಂದೇ. ಮೈಮೇಲೆ ಜ್ಞಾನ ಇರಲಿಲ್ಲ. ಎಲ್ಲರನ್ನೂ ನೋಯಿಸಿದೆ.'

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಕತ್ತರಿ ತಲೆ ಬಗ್ಗಿಸಿ ನಿಂತ. ಒಳಗೊಳಗೆ ಏನೋ ಚುಚ್ಚಿತು ಅನ್ನುವುದು ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡದಾಗಿ ಇನ್ನೊಂದು ಉಬ್ಬಿಬಂತು. ಜನಗಳ ಕಣ್ಣು ಮಾತ್ರ ಅಲ್ಲ, ಈ ಮನುಷ್ಯನ ನೆನಪನ್ನೇ ಎಡಿಟ್ ಮಾಡಿಬಿಟ್ಟೆನಲ್ಲ! ಒಂದು ಗಂಟೆ ಕೆಲಸವಂತೆ, ಒಂದು ಗಂಟೆ!

ಮುಂದಿನ ಸೋಮವಾರ ಠಾಣೆಯಿಂದ ಫೋನು ಬಂತು. ಫೈಲು ಮುಚ್ಚುತ್ತಿದ್ದೇವೆ, ಒಂದು ಸಹಿ ಬೇಕು, ಹತ್ತು ನಿಮಿಷದ ಕೆಲಸ. ಕತ್ತರಿ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಅಲ್ಲಿಂದ ಸೀದಾ ಬೆಟ್ಟಕ್ಕೆ ಹೋಗಿ ಚಾನೆಲ್ಲಿಗೆ ತನ್ನ ಮೊದಲ ಮಾತು ರೆಕಾರ್ಡು ಮಾಡುವುದು ಅಂತ ಇತ್ತು. ಕನ್ನಡಿ ಮುಂದೆ ನಾಲ್ಕು ದಿನದಿಂದ ಅಭ್ಯಾಸ ಮಾಡಿದ್ದ.

ಎಸ್ಸೈ ಕಾಗದ ಮುಂದಿಟ್ಟರು. ಪೆನ್ನು ಬರೆಯಲಿಲ್ಲ, ಇನ್ನೊಂದು ತರಲು ಒಳಗೆ ಹೋದರು. ದಫೇದಾರರು ಕಂಪ್ಯೂಟರಿನ ಮುಂದೆ ಕನ್ನಡಕ ಏರಿಸಿಕೊಂಡು ಕೂತಿದ್ದರು.

"ಅಲ್ಲ ಸ್ವಾಮಿ, ಫೈಲು ಮುಚ್ಚೋಕೆ ಮುಂಚೆ ನಂದೊಂದು ಆಸೆ. ಈ ನಾಲ್ಕನ್ನೂ ಒಂದೊಂದಾಗಿ ನೋಡಿ ನೋಡಿ ತಲೆ ಕೆಟ್ಟಿದೆ. ಒಟ್ಟಿಗೇ ನೋಡೋಕಾಗುತ್ತಾ?"

"ಯಾಕಾಗಲ್ಲ? ಸ್ವಲ್ಪ ಸರೀರಿ ಸಾರ್," ಅಂತ ಕತ್ತರಿ ಕುರ್ಚಿ ಎಳೆದುಕೊಂಡ. ಪರದೆಯನ್ನು ನಾಲ್ಕು ಚೌಕ ಮಾಡಿ, ಚೌಕಕ್ಕೊಂದು ವಿಡಿಯೊ ಹಾಕಿದ.

"ಭೇಷ್! ಇದೆಲ್ಲ ನಿಮ್ಮ ಭಾವ ಒಬ್ಬರೇ ಮಾಡ್ಕೊತಿದ್ರಂತೆ, ಅಲ್ವಾ? ನಮ್ಮ ಮನೆ ಮೊಮ್ಮಕ್ಕಳು ಹೇಳ್ತಿದ್ರು."

ಅವನ ತಡೆ ಅಲ್ಲಿ ಒಡೆಯಿತು. ಆರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. "ಭಾವನಿಗೆ ಏನೂ ಬರಲ್ಲ ಸಾರ್. ಗಾಡಿ ಓಡ್ಸೋದೊಂದೇ. ಎಡಿಟಿಂಗ್ ಎಲ್ಲಾ ನಾನೇ ಮಾಡೋದು, ಪ್ರತಿಯೊಂದು ಕಟ್ಟೂ ನಂದು."

"ಹೌದಾ! ಬಹಳ ಕಷ್ಟ ಅಲ್ವಾ?"

"ಕಷ್ಟ ಅಂತೀರಾ? ನಾಲ್ಕು ಕ್ಯಾಮೆರಾ ನಾಲ್ಕು ಕಂಪನಿಯವು ಸಾರ್. ಒಂದರ ಬಣ್ಣ ಒಂದಕ್ಕೆ ಇಲ್ಲ. ಎಲ್ಲಕ್ಕೂ ಸೇರಿ ಒಂದು ರಿಮೋಟು ಕೂಡ ಬರಲ್ಲ, ಒಂದೊಂದರ ಗುಂಡಿ ಒಂದೊಂದು ಕಡೆ. ಇವನ್ನೆಲ್ಲ ಒಂದು ದಾರಿಗೆ ತರ್ಬೇಕು ಅಂದ್ರೆ ಜೀವ ಹೋಗುತ್ತೆ. ಜನಕ್ಕೆ ಎಲ್ಲಿ ಗೊತ್ತಾಗುತ್ತೆ?"

"ಪಾಪ, ಎಲೆಮರೆ ಕಾಯಿ ನೀವು," ಅಂದರು ದಫೇದಾರರು, ಮನಸಾರೆ. "ನನಗಂತೂ ಮನೆ ಟೀವಿ ಆನ್ ಮಾಡೋಕೇ ಎರಡು ರಿಮೋಟು ಹುಡುಕ್ಬೇಕು. ಹಾಕಿ, ಹಾಕಿ, ನೋಡೋಣ." ಕತ್ತರಿಯ ಎದೆ ಉಬ್ಬಿತು. ನಾಲ್ಕನ್ನೂ ಮೊದಲಿನ ಚಿತ್ರಕ್ಕೆ ತಂದು ನಿಲ್ಲಿಸಿದ. ಅಷ್ಟರಲ್ಲಿ ಎಸ್ಸೈ ಪೆನ್ನು ತಂದು ಹಿಂದೆ ಬಂದು ನಿಂತಿದ್ದರು.

ದಫೇದಾರರು ಅವನ ಕೈ ಹಿಡಿದು ತಡೆದರು. "ಒಂದ್ನಿಮಿಷ, ಓಡಿಸ್ಬೇಡಿ. ಇದು ಪ್ರತಿ ಸಲ ನನಗೆ ಅರ್ಥವಾಗ್ದೆ ಹೋಗೋದು." ಹೆಲ್ಮೆಟ್ಟಿನ ಚೌಕದಲ್ಲಿ, ಎದೆಯ ಚೌಕದಲ್ಲಿ, ಹ್ಯಾಂಡಲ್ಲಿನ ಚೌಕದಲ್ಲಿ ಭಾವನ ಎರಡೂ ಅಂಗೈ ಒಂದಕ್ಕೊಂದು ತಾಗಿ ನಿಂತಿದ್ದವು, ನಾಲ್ಕನೆಯದರಲ್ಲಿ ಖಾಲಿ ರಸ್ತೆ. "ನಾಲ್ಕೂ ಶುರುವಾಗೋದೇ ಈ ಚಪ್ಪಾಳೆಯಿಂದ, ಒಂದು ಚೂರು ಹಿಂದೆ ಮುಂದೆ ಇಲ್ಲ. ರಿಮೋಟು ಇಲ್ಲ ಅಂತೀರಿ. ಅಲ್ಲಿ ಅವರೊಬ್ಬರೇ ಇದ್ದಿದ್ದು ಅಂತ ಬರ್ಕೊಟ್ಟಿದೀರಿ, ಕಾರ್ಡು ಯಾರೂ ಮುಟ್ಟಿಲ್ಲ ಅಂತಾನೂ ಬರ್ಕೊಟ್ಟಿದೀರಿ. ಅವರ ಎರಡು ಕೈಯೂ ಚಪ್ಪಾಳೇಲಿದೆ. ಹಾಗಾದ್ರೆ ನಾಲ್ಕು ಗುಂಡೀನೂ ಒಟ್ಟಿಗೆ ಒತ್ತಿದ್ದು ಯಾರ ಕೈ ಸ್ವಾಮಿ?" ಉತ್ತರ ಕತ್ತರಿಗೆ ಗೊತ್ತಿತ್ತು. ಭಾವ ಒಂದೊಂದೇ ಕ್ಯಾಮೆರಾಕ್ಕೆ ಬಗ್ಗಿ, ಗುಂಡಿ ತಡಕಿ, "ಇದು ಆನಾಯ್ತಾ, ಇಲ್ವಾ" ಅಂತ ಗೊಣಗುತ್ತಾ, ಮೂಗಿನ ಹೊಳ್ಳೆಯನ್ನೇ ಚಿತ್ರ ತುಂಬ ತೋರಿಸಿಕೊಂಡು ಶುರು ಮಾಡುವ ಆ ಎಗುಡುತಿಗುಡು ಒಂದು ನಿಮಿಷವನ್ನು ಅವನು ಆರು ವರ್ಷದಿಂದ ಕಸ ಅಂತ ಸವರಿ ಎಸೆಯುತ್ತಿದ್ದ, ಅವತ್ತೂ ನೋಡದೇ ಸವರಿ ಎಸೆದಿದ್ದ. ಎಸ್ಸೈ ಸಹಿ ಹಾಕಬೇಕಿದ್ದ ಕಾಗದವನ್ನು ಮೇಜಿನಿಂದ ಎತ್ತಿಕೊಂಡು, ಬಾಗಿಲು ಹಾಕಿ ಬಂದು ಅವನ ಎದುರಿಗೆ ಕೂತರು.